ಇಂಗಿತಮಾಪಕದ ಸಲಹೆ

ಬೆಳಗಿನ ಏಳು ಗಂಟೆಗೆ ದಾನೇಶ್ವರಿಯ ಮುಂಗೈ ಮೇಲಿನ ಪಟ್ಟಿ ಮೆಲ್ಲಗೆ ಅದುರಿತು. ಅಡುಗೆಮನೆಯಲ್ಲಿದ್ದ ಅವಳ ಅತ್ತೆ ಬಸಲಿಂಗವ್ವನ ಫೋನಿನಲ್ಲಿ ಅಕ್ಷರಗಳು ಮೂಡಿದವು: 'ಹುಳಿ ತಿನ್ನುವ ಆಸೆಯಿದೆ. ಮಾತಾಡಿಸಬೇಡಿ.' ಐದೇ ನಿಮಿಷದಲ್ಲಿ ಬಿಸಿ ರೊಟ್ಟಿ, ಹುಣಸೆ ತೊಕ್ಕು ದಾನೇಶ್ವರಿಯ ಮಗ್ಗುಲಿಗೆ ಬಂದವು. ಬಸಲಿಂಗವ್ವ ತಟ್ಟೆಯಿಟ್ಟು, ಸೊಸೆಯ ಮುಖ ನೋಡದೆ ತುದಿಗಾಲಲ್ಲಿ ಹೊರಟುಹೋದಳು. ಮೊಣಕಾಲು ನೋವಿನ ಹೆಂಗಸು ತುದಿಗಾಲಲ್ಲಿ ನಡೆಯುವುದೆಂದರೆ ಸಣ್ಣ ಕೆಲಸವೇನಲ್ಲ.

ಆ ಪಟ್ಟಿಯ ಹೆಸರು ಇಂಗಿತಮಾಪಕ. ಬಸುರಿಯ ಬೆವರಿನಲ್ಲಿರುವ ಹಾರ್ಮೋನುಗಳನ್ನೂ ನಾಡಿಬಡಿತವನ್ನೂ ಅಳೆದು, ಅವಳಿಗೇನು ಬೇಕು, ಏನು ಬೇಡ ಎಂಬುದನ್ನು ಅವಳಿಗೇ ತಿಳಿಯುವ ಮೊದಲು ಮನೆಯವರಿಗೆ ತಿಳಿಸುವ ಸಾಧನ. ಮೀನಖಂಡದಲ್ಲಿ ಸೆಳೆತ ಶುರುವಾಗುವ ಮುನ್ನವೇ ಬಿಸಿನೀರು ತಯಾರಾಗುತ್ತಿತ್ತು. ಕಾರಣವಿಲ್ಲದ ಅಳು ಬರುವ ಹೊತ್ತಿಗೆ ಯಾರೋ ಕೋಣೆಯ ಬಾಗಿಲನ್ನು ಮೆಲ್ಲಗೆ ಮುಚ್ಚುತ್ತಿದ್ದರು. ಮೂರನೇ ತಿಂಗಳಲ್ಲಿ ದಾನೇಶ್ವರಿಯ ರಕ್ತದೊತ್ತಡ ಏರಿದ್ದರಿಂದ, ಹೆರಿಗೆಯವರೆಗೆ ಪಟ್ಟಿ ಬಿಚ್ಚಬಾರದೆಂದು ವೈದ್ಯರು ಕಟ್ಟುನಿಟ್ಟಾಗಿ ಹೇಳಿದ್ದರು. ಗದಗಿನಲ್ಲಿ ಈಗ ಪಟ್ಟಿಯಿಲ್ಲದ ಬಸುರಿಯನ್ನು ಹುಡುಕಬೇಕು.

ಏಳನೇ ತಿಂಗಳಿನ ಕುಬಸವೂ ಹೀಗೆಯೇ ನಡೆಯಿತು. ಓಣಿಯ ಹೆಂಗಸರು ಬಂದು ಹಸಿರು ಬಳೆ ತೊಡಿಸಿದರು, ಉಡಿ ತುಂಬಿದರು. ಆದರೆ ಪಟ್ಟಿಯ ಸಲಹೆ ಎಲ್ಲರ ಫೋನಿಗೂ ಮುಟ್ಟಿತ್ತು. ಸೋಬಾನೆ ಪದವಿಲ್ಲ, ಚೇಷ್ಟೆಯಿಲ್ಲ, ತಮ್ಮ ತಮ್ಮ ಹೆರಿಗೆಯ ಕಥೆಗಳಿಲ್ಲ. ಇಪ್ಪತ್ತು ಹೆಂಗಸರು ಬಾಯಿಗೆ ಬೀಗ ಹಾಕಿಕೊಂಡು ಉಂಡು ಹೋದದ್ದು ಆ ಓಣಿಯ ಚರಿತ್ರೆಯಲ್ಲೇ ಮೊದಲು.

ದಾನೇಶ್ವರಿಗೆ ತಾಯಿಯಿರಲಿಲ್ಲ. ಹೆರಿಗೆಯನ್ನು ನೆನೆದರೆ ಅವಳಿಗೆ ಭಯವಾಗುತ್ತಿತ್ತು. ಆ ಭಯವನ್ನು ಕುಬಸದ ದಿನವಾದರೂ ಯಾರ ಮುಂದಾದರೂ ಹೇಳಿಕೊಳ್ಳಬೇಕೆಂದು ಕಾದಿದ್ದಳು. ಬಾಯಿ ತೆರೆದರೆ ಎದೆ ಬಡಿದುಕೊಳ್ಳುತ್ತಿತ್ತು, ಕೂಡಲೇ ಪಟ್ಟಿ ಅದುರುತ್ತಿತ್ತು, ಎದುರಿಗಿದ್ದವರು ಫೋನು ನೋಡಿ ಪ್ರೀತಿಯಿಂದಲೇ ಎದ್ದು ಹೋಗುತ್ತಿದ್ದರು. ಗಂಡ ಫಕೀರೇಶನೂ ಅಷ್ಟೇ. ಗುಡ್ಡದ ಮೇಲಿನ ಗಾಳಿಯಂತ್ರಗಳ ದುರಸ್ತಿ ಮಾಡುವ ಅವನಿಗೆ, ಸೂಚನೆ ಮೀರಿದರೆ ಅನಾಹುತ ಎಂಬುದು ರಕ್ತಗತವಾಗಿತ್ತು. ತುಂಬಿದ ಮನೆಯಲ್ಲಿ ದಾನೇಶ್ವರಿ ಒಬ್ಬಳೇ ಆಗಿದ್ದಳು.

ಮುಂದಿನ ವಾರ ಒಂದು ಬೆಳಿಗ್ಗೆ, ಪಟ್ಟಿಯನ್ನು ರೂಪಿಸಿದ ವಿಜ್ಞಾನಿ ಡಾ. ಮಂದಾಕಿನಿ ಕಟಗೇರಿ ಮನೆಗೆ ಬಂದರು. ದೂರು ಹೋಗಿ ಬಂದವರಲ್ಲ, ಮೆಚ್ಚಿ ಬಂದವರು. ಜಿಲ್ಲೆಯ ಬಸುರಿಯರಲ್ಲೆಲ್ಲ ದಾನೇಶ್ವರಿಯ ಅಂಕಿಗಳೇ ಅತ್ಯಂತ ಶಾಂತವಾಗಿದ್ದವಂತೆ.

“ಇಷ್ಟು ಸಮಾಧಾನ ಹೆಂಗ ಬಂತವ್ವಾ ನಿನಗ?” ಎಂದು ಕೇಳಿದರು.

ಪಟ್ಟಿ ಅದುರಿತು. ಮಂದಾಕಿನಿಯವರ ಫೋನಿಗೂ ಸಲಹೆ ಬಂತು: 'ಪ್ರಶ್ನೆ ಕೇಳಬೇಡಿ.' ತಮ್ಮ ಯಂತ್ರ ತಮ್ಮ ಬಾಯಿಯನ್ನೇ ಮುಚ್ಚಿಸಿದಾಗ ಅವರು ಏಳಲು ಹೊರಟರು.

ದಾನೇಶ್ವರಿ ಅವರ ಸೆರಗು ಹಿಡಿದುಕೊಂಡಳು. “ಏಳಬ್ಯಾಡ್ರಿ ಮೇಡಂ. ನಾಕು ತಿಂಗಳಾತು, ಯಾರೂ ನನ್ನ ಒಂದು ಮಾತು ಕೇಳಿಲ್ಲ. ಇದು ಸಮಾಧಾನ ಅಲ್ರಿ. ಮಾತಾಡಾಕ ಮಂದಿನ ಇಲ್ಲಂದ್ರ ಎದಿ ಯಾಕ ಬಡಕೋಬೇಕು?”

ಮಂದಾಕಿನಿ ಹಳೆಯ ದಾಖಲೆಗಳನ್ನು ತೆರೆದು ನೋಡಿದರು. ಮೂರನೇ ತಿಂಗಳಲ್ಲಿ ಓಕರಿಕೆ ಜೋರಾಗಿದ್ದಾಗ, 'ಏನು ತಿಂತೀ' ಎಂದು ಕೇಳಿದರೂ ಸಾಕು, ದಾನೇಶ್ವರಿಗೆ ಹೊಟ್ಟೆ ತೊಳೆಸುತ್ತಿತ್ತು. ಪ್ರಶ್ನೆಯೇ ಅಪಾಯವೆಂದು ಪಟ್ಟಿ ಕಲಿತುಬಿಟ್ಟಿತು. ಮುಂದಿನ ತಿಂಗಳು ಓಕರಿಕೆ ನಿಂತಿತು. ಆದರೆ ಅಷ್ಟರಲ್ಲಿ ಎಲ್ಲರೂ ಮಾತಾಡಿಸುವುದನ್ನೇ ಬಿಟ್ಟಿದ್ದರಿಂದ, ತಪ್ಪು ತಿದ್ದಿಕೊಳ್ಳುವ ಅವಕಾಶವೇ ಅದಕ್ಕೆ ಸಿಗಲಿಲ್ಲ.

“ಅಂಜಿ ಎದಿ ಬಡದರೂ ಇದಕ್ಕ ಒಂದ, ಖುಷಿಗೆ ಬಡದರೂ ಒಂದ,” ಎಂದರು ಮಂದಾಕಿನಿ. “ತಪ್ಪು ಇದರದಲ್ಲವ್ವಾ, ನಂದು. ಇನ್ನ ಮ್ಯಾಲೆ ಎಲ್ಲಾರೂ ನಿನ್ನ ಮಾತಾಡಸ್ತಾರ.” ಪಟ್ಟಿಯ ಲೆಕ್ಕಾಚಾರವನ್ನು ಅಲ್ಲೇ ಕೂತು ತಿದ್ದಿ ಹೋದರು.

ಅದೇ ದಿನ ಸಂಜೆ ಐದಕ್ಕೆ ಬಸಲಿಂಗವ್ವ ಬಾಗಿಲಲ್ಲಿ ನಿಂತು, “ಹೆಂಗ ಅದೀಯವ್ವಾ?” ಎಂದಳು. ದಾನೇಶ್ವರಿಯ ಕಣ್ಣು ತುಂಬಿ ಬಂತು. ಉತ್ತರಕ್ಕೆ ಪದ ಹುಡುಕುವಷ್ಟರಲ್ಲಿ ಅತ್ತೆ ಹೊರಟುಹೋಗಿದ್ದಳು. ಅದೇ ಕ್ಷಣಕ್ಕೆ ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಕೂಗಿದಳು: “ಹೆಂಗ ಅದೀಯವ್ವಾ?” ಕೆಲಸದಿಂದ ಬಂದ ಫಕೀರೇಶ ಒಂದು ಬೂಟು ಬಿಚ್ಚುತ್ತಲೇ, “ಹೆಂಗ ಅದಿ?” ಎಂದ. ಅವನ ಕೈಯಲ್ಲಿ ಫೋನು ಬೆಳಗುತ್ತಿತ್ತು: 'ಹೇಗಿದ್ದೀಯಾ ಎಂದು ವಿಚಾರಿಸಿ.' ಉತ್ತರಕ್ಕೆ ಕಾಯಬೇಕೆಂದು ಅದರಲ್ಲಿ ಇರಲಿಲ್ಲ.

ಬೆಳಗಿನಿಂದ ದಾನೇಶ್ವರಿ ಇಟ್ಟುಕೊಂಡಿದ್ದ ಆಸೆ ಹೋಯಿತು. ಸುಮ್ಮನೆ ಗಂಡನ ಮುಖ ನೋಡಿದಳು. ಗಡ್ಡ ಬೆಳೆದಿತ್ತು, ಕಣ್ಣಿನ ಕೆಳಗೆ ಕಪ್ಪಾಗಿತ್ತು. ಇಷ್ಟು ಯಾವಾಗ ಸೊರಗಿದನೋ ಅವಳಿಗೆ ಗೊತ್ತೇ ಇರಲಿಲ್ಲ.

“ನೀವು ಹೆಂಗ ಅದೀರಿ?” ಎಂದು ಕೇಳಿದಳು.

ಫಕೀರೇಶ ತಡಬಡಿಸಿ ಫೋನು ನೋಡಿದ. ಇದಕ್ಕೆ ಅಲ್ಲಿ ಸಲಹೆಯಿರಲಿಲ್ಲ. ಅವನ ಮುಂಗೈಗೆ ಯಾರೂ ಪಟ್ಟಿ ಕಟ್ಟಿರಲಿಲ್ಲ. ಒಂದು ಕಾಲಲ್ಲಿ ಬೂಟು ಹಾಗೇ ಇರಲು, ನೆಲದ ಮೇಲೆ ಕುಳಿತ.

“ಭಾಳ ಅಂಜಿಕಿ ಆಗೇತಿ,” ಎಂದ. “ನಾ ಏನರ ಮಾತಾಡಿ ನಿನಗೇನರ ಆದೀತಂತ, ನಾಕು ತಿಂಗಳಿಂದ ಮನಿಗೆ ಬರಾಕ ಅಂಜತೀನಿ.”

ದಾನೇಶ್ವರಿ ಗೋಡೆ ಹಿಡಿದು, ಭಾರದ ಹೊಟ್ಟೆಯೊಂದಿಗೆ ನಿಧಾನವಾಗಿ ಅವನ ಪಕ್ಕ ಕುಳಿತಳು.

“ನನಗೂ ಅಂಜಿಕಿ ಐತ್ರಿ,” ಎಂದಳು. ಫಕೀರೇಶ ಏಳಲಿಲ್ಲ.