ನೀಲಿ ಕಾಯಿ

“ಕೆಂಪು ಕಾಯಿ, ಎರಡು. ನಡೀತೀಯಾ, ನಿಲ್ತೀಯಾ?”

ಮೈಕಿನ ದನಿ ಮೇಲಿನಿಂದ ಬಂತು. ವೇಣಿ ತಲೆ ಎತ್ತಿದಳು. ಶೆಡ್ಡಿನ ಆ ತುದಿಯಲ್ಲಿ ಒಂದು ಕಬ್ಬಿಣದ ಮೆಟ್ಟಿಲು, ಅದರ ಮೇಲೊಂದು ಗಾಜಿನ ಕ್ಯಾಬಿನ್ನು. ಗಾಜಿಗೆ ಧೂಳು ಮೆತ್ತಿಕೊಂಡು ಒಳಗೆ ಯಾರಿದ್ದಾರೆಂದೇ ಕಾಣುತ್ತಿರಲಿಲ್ಲ. ಅಲ್ಲಿ ಕೂತು ಯಾರೋ ಕವಡೆ ಹಾಕುತ್ತಿದ್ದರು. ಕವಡೆ ಉರುಳುವ ಸದ್ದು ಮೈಕಿನಲ್ಲಿ ಹಲ್ಲು ಕಟಕಟಿಸಿದ ಹಾಗೆ ಕೇಳುತ್ತಿತ್ತು.

“ನಡೀತೀನಿ” ಎಂದಳು ವೇಣಿ. ಎರಡು ಮನೆ ನಡೆದು ನಿಂತಳು.

ಅವಳೀಗ ಹುಡುಗಿಯಲ್ಲ, ಚೌಕಾಬಾರದ ಕಾಯಿ. ಮನೆಯ ಜಗಲಿಯ ಮೇಲೆ ಅಜ್ಜಿ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ ಆಟವನ್ನು ಇಲ್ಲಿ ಶೆಡ್ಡಿನ ನೆಲದ ತುಂಬ ಬಿಳಿ ಪೇಂಟಿನಲ್ಲಿ ಬರೆದಿದ್ದರು. ಒಂದೊಂದು ಮನೆಯೂ ಒಂದು ಚಾಪೆಯಷ್ಟು ದೊಡ್ಡದು. ಹುಣಸೆಬೀಜದ ಬದಲು ಮಕ್ಕಳೇ ಕಾಯಿ. ಸುತ್ತಿನ ಮನೆಗಳನ್ನೆಲ್ಲ ದಾಟಿ, ಒಳಮನೆಗಳಲ್ಲಿ ಸುತ್ತಿ, ನಡುಮನೆ ಮುಟ್ಟಿದರೆ ಕಾಯಿ ಹಣ್ಣಾಯಿತು ಅಂತ. ಹಣ್ಣಾದವರಿಗೆ ನಡುಮನೆಯ ಸ್ಟೂಲಿನ ಮೇಲೆ ಸ್ಕೆಚ್ ಪೆನ್ನಿನ ದೊಡ್ಡ ಡಬ್ಬ ಕಾದಿತ್ತು.

ಪೀಣ್ಯದ ಎರಡನೇ ಹಂತದ ಈ ಫ್ಯಾಕ್ಟರಿಗೆ ಬೀಗ ಬಿದ್ದು ಎಷ್ಟೋ ಕಾಲವಾಗಿತ್ತು. ಈಗ ಯಾರೋ ಅದನ್ನು ಬಾಡಿಗೆಗೆ ಹಿಡಿದು, ಗೇಟಿಗೆ ‘ಫ್ಯಾಮಿಲಿ ಆಟದ ಲೋಕ’ ಎಂದು ಬೋರ್ಡು ಹಾಕಿದ್ದರು. ಒಳಗೆ ತಗಡಿನ ಹಾವು, ಮರದ ಏಣಿ, ಆಳೆತ್ತರದ ಚೆಸ್ ಕುದುರೆ ಎಲ್ಲ ಇದ್ದವು. ಆದರೆ ಗೋಡೆಗೆ ಹೊಸ ಬಣ್ಣ ಬಳಿದಿರಲಿಲ್ಲ. ಹಳೇ ಮೆಷಿನ್ ಆಯಿಲ್ಲಿನ ವಾಸನೆ ನೆಲದಿಂದ ಏಳುತ್ತಿತ್ತು. ಮೇಲಿನ ಕಿಟಕಿಗಳು ಮಸಿ ಹಿಡಿದು, ಹಗಲಿನಲ್ಲೇ ಮುಸ್ಸಂಜೆಯಾದಂತಿತ್ತು.

ಅಮ್ಮನಿಗೆ ಗಾರ್ಮೆಂಟ್ಸ್‌ನಲ್ಲಿ ಭಾನುವಾರ ರಜ. ಮಕ್ಕಳಿಬ್ಬರನ್ನೂ ಅವಳೇ ಕರೆದುಕೊಂಡು ಬಂದಿದ್ದಳು. ಚೌಕಾಬಾರಕ್ಕೆ ಮಕ್ಕಳನ್ನು ಮಾತ್ರ ಬಿಡುತ್ತಿದ್ದರು.

“ಮುನಿ ಕೈ ಬಿಡಬ್ಯಾಡ ಕಣವ್ವ” ಎಂದಿದ್ದಳು ಅಮ್ಮ, ಮಕ್ಕಳು ಹೊರಬರುವ ಹಿಂದಿನ ಬಾಗಿಲಿನೆದುರಿನ ಬೆಂಚಿನಲ್ಲಿ ಕೂರುತ್ತಾ. “ಕತ್ತಲೆ ಕಂಡ್ರೆ ಎದರ್ಕೊಂತಾನೆ ಅವ್ನು.”

ಮುನಿ ಎಂದರೆ ಮುನೀಂದ್ರ. ವೇಣಿಯ ತಮ್ಮ, ಒಂದನೇ ಕ್ಲಾಸು.

ಆದರೆ ಒಳಗೆ ಬಂದಕೂಡಲೇ ಕೈ ಬಿಡಿಸಿದ್ದಾಗಿತ್ತು. ಕಪ್ಪು ಟೀ ಶರ್ಟಿನವನೊಬ್ಬ ಬಣ್ಣದ ಮೇಲಂಗಿಗಳನ್ನು ಹಂಚುತ್ತಿದ್ದ. ವೇಣಿಗೆ ಕೆಂಪು, ಮುನಿಗೆ ನೀಲಿ.

“ಇಬ್ರಿಗೂ ಒಂದೇ ಕಲರ್ ಕೊಡಿ ಅಣ್ಣ” ಎಂದಿದ್ದಳು ವೇಣಿ.

“ಒಂದ್ ಕಲರ್‌ಗೆ ಒಂದೇ ಕಾಯಿ ಪಾಪು. ಆ ಮೂಲೇಲಿ ನಿಂತ್ಕೊ. ಒಳಗೆ ಹೆಸ್ರು ಕೂಗಂಗಿಲ್ಲ, ಮಾತಾಡಂಗಿಲ್ಲ. ಕಾಯಿ ಮಾತಾಡುತ್ತಾ?”

ನೀಲಿ ಮೇಲಂಗಿ ಮುನಿಯ ಮೊಣಕಾಲಿನವರೆಗೂ ಇಳಿದಿತ್ತು. ಅವನು ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಎದುರಿನ ಮೂಲೆಗೆ ನಡೆದಿದ್ದ.

ಈಗ ವೇಣಿ ಒಂದು ಸುತ್ತು ಮುಗಿಸಿ ಎರಡನೇ ಸುತ್ತಿನಲ್ಲಿದ್ದಳು. ಒಳಮನೆಗೆ ಹೋಗಲು ಆಗಿರಲಿಲ್ಲ. ಒಂದು ಕಾಯಿಯನ್ನಾದರೂ ಕಡಿಯದೆ ಯಾರೂ ಒಳಗೆ ಹೋಗುವಂತಿಲ್ಲ. ಅಜ್ಜಿಯ ಆಟದಲ್ಲೂ ಅದೇ ರೂಲು. ಇಲ್ಲಿ ಇನ್ನೊಬ್ಬರು ನಿಂತ ಮನೆಗೆ ಹೋಗಿ, ಅವರ ತಲೆ ಮುಟ್ಟಿ, ‘ಕಡಿದೆ’ ಎನ್ನಬೇಕಿತ್ತು.

ಹಳದಿ ಮೇಲಂಗಿಯ ಸಿದ್ಧಾರ್ಥ್ ಆಗಲೇ ಹಸಿರು ಕಾಯಿಯನ್ನು ಕಡಿದು ಒಳಗೆ ಹೋಗಿದ್ದ. ಲೈನಿನಲ್ಲಿ ನಿಂತಿದ್ದಾಗ ವೇಣಿಗೆ ತಾನೇ ಹೆಸರು ಹೇಳಿ, ನಮ್ಮಪ್ಪ ಬಿಜಾಪುರದಾಂವ, ಇಲ್ಲಿ ಎಂಜಿನಿಯರ್ ಎಂದೂ ಹೇಳಿದ್ದ. ಅವಳು ಹತ್ತಿರ ಬಂದಾಗ ಅವನು ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ.

“ಏನ, ಇನ್ನೂ ಹೊರಗs ಅದಿ? ಹಿಂಗs ತಿರುಗು, ಚಪ್ಲಿ ಸವೀತಾವು.”

ವೇಣಿ ಹಲ್ಲು ಕಚ್ಚಿದಳು.

ಕವಡೆ ಕಟಕಟಿಸಿದವು. “ಕೆಂಪು ಕಾಯಿ, ಮೂರು. ನಡೀತೀಯಾ, ನಿಲ್ತೀಯಾ?”

ವೇಣಿ ಎಣಿಸಿದಳು. ಒಂದು, ಎರಡು, ಮೂರು. ಮೂರನೇ ಮನೆಯಲ್ಲಿ ಮುನಿ ನಿಂತಿದ್ದ.

ಮುನಿಯೂ ಬೆರಳು ಮಾಡಿ ಎಣಿಸಿದ. ಎಣಿಸಿ ನಕ್ಕ. ಆಮೇಲೆ ಮೇಲಂಗಿ ಎತ್ತಿಕೊಂಡು ಒಂದು ಪಕ್ಕಕ್ಕೆ ಸರಿದು, ಅರ್ಧ ಮನೆ ಖಾಲಿ ಮಾಡಿಕೊಟ್ಟ.

ಜಗಲಿಯ ಆಟದಲ್ಲಿ ಒಬ್ಬರದೇ ಎರಡು ಕಾಯಿ ಒಂದು ಮನೆಯಲ್ಲಿ ಕೂತರೆ ಅದಕ್ಕೆ ಗಟ್ಟಿ ಎನ್ನುತ್ತಾರೆ. ಗಟ್ಟಿ ಕಟ್ಟಿದ ಕಾಯಿಗಳನ್ನು ಒಂಟಿ ಕಾಯಿ ಕಡಿಯುವಂತಿಲ್ಲ. ಅಕ್ಕ ಗಟ್ಟಿ ಕಟ್ಟಲು ಬರುತ್ತಿದ್ದಾಳೆ ಎಂದುಕೊಂಡಿದ್ದ ಅವನು. ಬಣ್ಣ ಬೇರೆಯಾದರೇನು, ಇಬ್ಬರೂ ಒಂದೇ ಮನೆಯವರಲ್ಲವೇ.

ವೇಣಿಗೆ ಅದು ಅರ್ಥವಾಯಿತು. ನಿಲ್ತೀನಿ ಎಂದು ಹೇಳಬಹುದಿತ್ತು.

“ನಡೀತೀನಿ” ಎಂದಳು.

ನಡೆದು ಹೋಗಿ, ಅವನ ತಲೆ ಮುಟ್ಟಿ, “ಕಡಿದೆ” ಎಂದಳು.

ಮುನಿಯ ಮುಖದಲ್ಲಿ ನಗು ಇನ್ನೂ ಹಾಗೇ ಇತ್ತು. ಅದನ್ನು ತೆಗೆಯುವುದು ಅವನಿಗೆ ಮರೆತಂತಿತ್ತು.

“ನೀಲಿ ಕಾಯಿ ಸತ್ತಿತು” ಎಂದಿತು ದನಿ.

ಕಪ್ಪು ಟೀ ಶರ್ಟಿನವನು ಬಂದು ಮುನಿಯ ಭುಜ ಹಿಡಿದು ಹಿಂದಿನ ಕಪ್ಪು ಪರದೆಯ ಕಡೆಗೆ ಕರೆದುಕೊಂಡು ಹೋದ. ಮುನಿ ಅಳಲಿಲ್ಲ. ತಿರುಗಿ ನೋಡಲೂ ಇಲ್ಲ. ಪರದೆ ಒಂದು ಸಲ ಅಲುಗಾಡಿ ಸುಮ್ಮನಾಯಿತು.

ಸ್ವಲ್ಪ ಹೊತ್ತಿಗೆ ಎದುರಿನ ಮೂಲೆಯಲ್ಲಿ ನೀಲಿ ಮೇಲಂಗಿ ಕಾಣಿಸಿತು. ವೇಣಿಗೆ ಜೀವ ಬಂದಂತಾಯಿತು. ಆದರೆ ಮೇಲಂಗಿ ಮೊಣಕಾಲಿಗೆ ಬಂದಿರಲಿಲ್ಲ, ಸೊಂಟಕ್ಕೇ ನಿಂತಿತ್ತು. ಅದರೊಳಗೆ ಇದ್ದದ್ದು ಮುನಿಯಲ್ಲ. ಯಾರೋ ಎತ್ತರದ ಹುಡುಗ, ಕನ್ನಡಕ ಹಾಕಿದವನು.

“ನೀಲಿ ಕಾಯಿ, ಒಂದು. ನಡೀತೀಯಾ, ನಿಲ್ತೀಯಾ?”

“ನಡೀತೀನಿ” ಎಂದ ಆ ಹುಡುಗ.

ದನಿಯಲ್ಲಿ ಏನೂ ಬದಲಾಗಿರಲಿಲ್ಲ. ಅದಕ್ಕೆ ನೀಲಿ ಎಂದರೆ ನೀಲಿ, ಅಷ್ಟೇ. ವೇಣಿ ಹಸಿರು ಕಾಯಿಯ ಕಡೆ ನೋಡಿದಳು. ಎರಡು ಜಡೆಯ ಹುಡುಗಿ. ಸಿದ್ಧಾರ್ಥ್ ಕಡಿಯುವ ಮೊದಲೂ ಇವಳೇ ಇದ್ದಳೇ? ಆಗ ಇದ್ದದ್ದು ಹುಡುಗನೋ ಹುಡುಗಿಯೋ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಅವಳು ಬಣ್ಣ ನೋಡಿದ್ದಳೇ ಹೊರತು ಮುಖ ನೋಡಿರಲಿಲ್ಲ.

“ಅಣ್ಣ, ನನ್ ತಮ್ಮ ಎಲ್ಲಿ?” ಎಂದು ಕೇಳಿದಳು.

“ಶ್” ಎಂದ ಕಪ್ಪು ಟೀ ಶರ್ಟಿನವನು. “ಕಡಿದೋರು ಔಟು. ಹಿಂದಿನ ಬಾಗ್ಲಿಂದ ಹೋಗಿರ್ತಾನೆ. ಲೈನಲ್ಲಿರೋರಿಗೆ ಚಾನ್ಸ್ ಕೊಡಬೇಕಲ್ವಾ?” ಮತ್ತೆ ಲೈನಿನ ಕಡೆಗೆ ಹೋದ.

“ಕೆಂಪು ಕಾಯಿ, ಚೌಕಾ.”

ವೇಣಿ ಯೋಚನೆಯಿಲ್ಲದೆ ನಾಲ್ಕು ಮನೆ ನಡೆದಳು. ಒಳಮನೆಗೆ ಬಂದಿದ್ದಳು. ನಡುಮನೆ ಕೈಗೆ ಸಿಗುವಷ್ಟು ಹತ್ತಿರವಿತ್ತು. ಸ್ಕೆಚ್ ಪೆನ್ನಿನ ಡಬ್ಬ ಬಲ್ಬಿನ ಬೆಳಕಿಗೆ ಹೊಳೆಯುತ್ತಿತ್ತು. ಅವಳು ಅದನ್ನು ನೋಡುತ್ತಿರಲಿಲ್ಲ. ಕಿವಿಗೊಟ್ಟು ಕೇಳುತ್ತಿದ್ದಳು.

ಮುನಿ ಅತ್ತರೆ ಮೂರು ಬೀದಿಗೆ ಕೇಳುತ್ತದೆ. ಕರೆಂಟ್ ಹೋದರೂ ಅಳುತ್ತಾನೆ, ನೆಗಡಿಯಾದರೂ ಅಳುತ್ತಾನೆ. ಪರದೆಯ ಹಿಂದೆ ಅಷ್ಟು ಕತ್ತಲು. ಅಲ್ಲಿಂದ ಒಂದು ಸದ್ದೂ ಇಲ್ಲ.

ವೇಣಿ ಗೆರೆ ದಾಟಿದಳು.

“ಏ, ಪಾಳಿ ಬಿಟ್ಟು ಎಲ್ಲಿ ಹೊಂಟಿ?” ಎಂದ ಸಿದ್ಧಾರ್ಥ್, ಈ ಸಲ ಜೋರಾಗಿಯೇ. ಅವಳು ಪರದೆ ಸರಿಸಿ ಒಳಗೆ ಹೋದಳು.

ಒಳಗೆ ಶೆಡ್ಡು ಇನ್ನೂ ಅಷ್ಟು ಉದ್ದಕ್ಕೆ ಇತ್ತು. ಎರಡೂ ಕಡೆ ತಗಡು ಕತ್ತರಿಸುವ ಹಳೇ ಮೆಷಿನ್ನುಗಳು, ಮೈತುಂಬ ಪ್ಲಾಸ್ಟಿಕ್ ಹೊದ್ದು, ತಲೆ ಬಗ್ಗಿಸಿ ನಿಂತವರ ಹಾಗೆ ಸಾಲಾಗಿ ನಿಂತಿದ್ದವು. ದೂರದಲ್ಲಿ ಬಾಗಿಲಿನ ಸಂದಿಯಿಂದ ಒಂದು ಗೆರೆ ಬೆಳಕು. ವೇಣಿ ಅಲ್ಲಿಗೆ ಓಡಿ ಬಾಗಿಲು ತಳ್ಳಿದಳು.

ಹೊರಗೆ ಬಿಸಿಲು. ಬೆಂಚಿನ ಮೇಲೆ ಅಮ್ಮ ಒಬ್ಬಳೇ ಕೂತಿದ್ದಳು. ಮಕ್ಕಳು ಬಂದರೆ ತಿನ್ನಲಿ ಎಂದು ಟಿಫನ್ ಡಬ್ಬಿಯ ಮುಚ್ಚಳ ಬಿಚ್ಚುತ್ತಿದ್ದಳು. ಸುತ್ತಮುತ್ತ ಎಲ್ಲೂ ಮುನಿ ಇರಲಿಲ್ಲ.

ಅಮ್ಮ ತಲೆ ಎತ್ತುವ ಮೊದಲೇ ವೇಣಿ ಬಾಗಿಲು ಎಳೆದುಕೊಂಡಳು.

“ಮುನಿ” ಎಂದು ಕರೆದಳು. ತಗಡಿನ ಸೂರು ಅದನ್ನು ಅವಳಿಗೇ ವಾಪಸ್ ಕೊಟ್ಟಿತು. “ಮುನಿ, ಬಾರೋ. ಆಟ ಮುಗೀತು ಕಣೋ.”

ಎಲ್ಲೋ ಪ್ಲಾಸ್ಟಿಕ್ ಸರಕ್ ಎಂದಿತು. ಗಾಳಿಯೇ ಇರಲಿಲ್ಲ.

ಅವಳು ಸದ್ದು ಬಂದ ಕಡೆಗೇ ಹೋದಳು. ಆಗ ಸೊರ್ ಎಂದು ಮೂಗು ಎಳೆದುಕೊಳ್ಳುವುದು ಕೇಳಿಸಿತು. ಬಗ್ಗಿ ಪ್ಲಾಸ್ಟಿಕ್ ಎತ್ತಿದಳು. ಮೆಷಿನ್ನಿನ ಬುಡದಲ್ಲಿ ಮುನಿ ಮೊಣಕಾಲಿಗೆ ಗದ್ದ ಒತ್ತಿ ಕೂತಿದ್ದ.

“ಎಷ್ಟ್ ಕೂಗಿದೆ ನಿನ್ನ! ಓ ಅನ್ನಕ್ಕೆ ಏನಾಗಿತ್ತು?”

ಅವನು ಅಲುಗಾಡಲಿಲ್ಲ.

“ಏಟಾಯ್ತಾ? ಯಾರಾದ್ರೂ ಬೈದ್ರಾ? ಮುನಿ?”

ಮುಟ್ಟಿದರೆ ಮೈಯೆಲ್ಲ ತಣ್ಣಗಿತ್ತು. ಕೈ ಹಿಡಿದು ಎಳೆದಳು. ಕೈ ಬಂತು, ಅವನು ಬರಲಿಲ್ಲ. ಬಿಟ್ಟರೆ ಕೈ ಧೊಪ್ಪನೆ ಬಿತ್ತು. ವೇಣಿಗೆ ಅಳು ಬಂತು. ಆಮೇಲೆ ಥಟ್ಟನೆ ಹೊಳೆಯಿತು. ಸತ್ತಿತು ಎಂದಿತ್ತಲ್ಲ ಆ ದನಿ. ಸತ್ತ ಕಾಯಿ ಮಾತಾಡುವುದಿಲ್ಲ, ನಡೆಯುವುದೂ ಇಲ್ಲ. ಮತ್ತೆ ಹುಟ್ಟಬೇಕಾದರೆ ನಾಲ್ಕೂ ಮೇಲಾಗಿ ಚೌಕಾ ಬೀಳಬೇಕು, ಇಲ್ಲ ನಾಲ್ಕೂ ಬೋರಲಾಗಿ ಬಾರಾ ಬೀಳಬೇಕು. ಅಜ್ಜಿ ಅವನಿಗೆ ಕಲಿಸಿದ್ದ ಆಟ ಅದೇ. ಕತ್ತಲೆಗೆ ಹೆದರಿಕೊಂಡೇ, ಅಳು ನುಂಗಿಕೊಂಡು, ಅವನು ಸತ್ತು ಕೂತಿದ್ದ.

“ತಾಳು” ಎಂದಳು ವೇಣಿ. “ನಿಂಗೆ ಹಾಕ್ತೀನಿ.”

ನೆಲ ತಡಕಿದಳು. ಮೆಷಿನ್ನಿನ ಸುತ್ತ ತಗಡಿನ ಸಣ್ಣ ಬಿಲ್ಲೆಗಳು ಬಿದ್ದಿದ್ದವು. ಒಂದು ಕಡೆ ನುಣುಪು, ಇನ್ನೊಂದು ಕಡೆ ಅಂಚು ತರಿತರಿ. ನಾಲ್ಕು ಆರಿಸಿಕೊಂಡು ನೆಲಕ್ಕೆ ಹಾಕಿದಳು.

“ಬಾರಾ” ಎಂದಳು.

ಮುನಿಯ ಬೆರಳು ಕತ್ತಲಲ್ಲೇ ಮೆಲ್ಲಗೆ ಬಂದು ಬಿಲ್ಲೆಗಳನ್ನು ಒಂದೊಂದಾಗಿ ಸವರಿತು. ತರಿ, ನುಣುಪು, ತರಿ, ನುಣುಪು. ಬೆರಳು ಹಿಂದಕ್ಕೆ ಹೋಯಿತು. ಅವನು ಮತ್ತೆ ಸತ್ತ.

ಇನ್ನು ಸುಳ್ಳು ನಡೆಯುವುದಿಲ್ಲ ಎಂದು ವೇಣಿಗೆ ಗೊತ್ತಾಯಿತು. ಮತ್ತೆ ಹಾಕಿದಳು. ಎರಡು. ಮತ್ತೆ ಹಾಕಿದಳು. ಮೂರು. ಪ್ರತಿ ಸಲವೂ ಆ ಬೆರಳು ಬಂದು ನೋಡಿ ಹೋಗುತ್ತಿತ್ತು. ಪರದೆಯ ಆಚೆ ಕವಡೆ ಕಟಕಟಿಸುತ್ತಿದ್ದವು.

“ಕೆಂಪು ಕಾಯಿ, ಎರಡು. ನಡೀತೀಯಾ, ನಿಲ್ತೀಯಾ?”

ಅಲ್ಲೇ ನಿಂತಿದ್ದರೆ ಈ ಎರಡಕ್ಕೆ ಅವಳು ನಡುಮನೆಯಲ್ಲಿರುತ್ತಿದ್ದಳು.

“ನಡೀತೀನಿ” ಎಂದಿತು ಯಾವುದೋ ಹುಡುಗಿಯ ದನಿ.

ವೇಣಿ ಗಾಬರಿಯಿಂದ ಎದೆ ಮುಟ್ಟಿಕೊಂಡಳು. ಕೆಂಪು ಮೇಲಂಗಿ ಅವಳ ಮೈಮೇಲೇ ಇತ್ತು. ಅಲ್ಲಿ ಇನ್ನೊಂದು ಕೆಂಪು ಬಂದಾಗಿತ್ತು. ಅವಳನ್ನು ಯಾರೂ ಹುಡುಕುತ್ತಿರಲಿಲ್ಲ.

ಬಿಲ್ಲೆಗಳನ್ನು ಮತ್ತೆ ಹಾಕಿದಳು. ಎಷ್ಟು ಸಲವೋ. ಅಂಚು ತಾಗಿ ಬೆರಳು ಉರಿಯತೊಡಗಿತು.

ಕೊನೆಗೊಮ್ಮೆ ಮುನಿಯ ಬೆರಳು ನಾಲ್ಕನೇ ಬಿಲ್ಲೆಯ ಮೇಲೆ ನಿಂತುಬಿಟ್ಟಿತು. ಮತ್ತೊಂದು ಸಲ ಎಲ್ಲವನ್ನೂ ಸವರಿ ನೋಡಿತು. ನಾಲ್ಕೂ ತರಿ.

“ಚೌಕಾ” ಎಂದ ಮುನಿ.

ವೇಣಿ ಉಸಿರು ಬಿಟ್ಟಳು. “ಎದ್ದೇಳು ಈಗ. ಅಮ್ಮ ಕಾಯ್ತಾವ್ಳೆ.”

ಅವನು ಏಳಲಿಲ್ಲ. “ಅಕ್ಕ, ನಾನು ಜಾಗ ಬಿಟ್ಟಿದ್ನಲ್ಲ. ನೀನು ನೋಡ್ಲಿಲ್ವಾ?”

ಕತ್ತಲಿತ್ತು. ಅವನ ಮುಖ ಕಾಣುತ್ತಿರಲಿಲ್ಲ, ಅವಳದೂ ಅವನಿಗೆ ಕಾಣುತ್ತಿರಲಿಲ್ಲ. ನೋಡ್ಲಿಲ್ಲ ಕಣೋ ಎಂದುಬಿಟ್ಟರೆ ಅವನು ನಂಬುತ್ತಿದ್ದ.

“ನೋಡ್ದೆ” ಎಂದಳು ವೇಣಿ.

ಮುನಿ ಮೂಗು ಎಳೆದುಕೊಂಡ. ಆಮೇಲೆ ಪ್ಲಾಸ್ಟಿಕ್ ಸರಿಸಿ ಎದ್ದು ನಿಂತ.

ವೇಣಿ ಕೈ ಚಾಚಿದಳು. ಅವನು ಹಿಡಿಯಲಿಲ್ಲ. ಅವಳು ಕೈ ಹಿಂದಕ್ಕೆ ತೆಗೆದುಕೊಂಡು ಬಾಗಿಲಿನ ಬೆಳಕಿನ ಕಡೆಗೆ ತಿರುಗಿದಳು. ಎರಡು ಹೆಜ್ಜೆ ಹಾಕುವಷ್ಟರಲ್ಲಿ ಬೆನ್ನ ಹಿಂದೆ ಏನೋ ಜಗ್ಗಿದಂತಾಯಿತು. ಅವಳ ಮೇಲಂಗಿಯಿಂದ ಜೋತುಬಿದ್ದಿದ್ದ ಲಾಡಿಯ ತುದಿಯನ್ನು ಮುನಿ ಎರಡು ಬೆರಳಲ್ಲಿ ಹಿಡಿದಿದ್ದ.

ಅವಳು ತಿರುಗಿ ನೋಡಲಿಲ್ಲ. ಲಾಡಿ ಬಿಗಿಯಾಗದ ಹಾಗೆ, ನಿಧಾನಕ್ಕೆ ನಡೆದಳು.