ಡಾಕ್ಟರ್ ಸುಪ್ರಜಾ ಮೇಲೊಂದು ದೂರು

ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದ ಸುಪ್ರಜಾ ಬೆವತುಹೋದಳು. ವೀಡಿಯೊ ಚಿಕಿತ್ಸೆಯ ಕಂಪನಿ ಅವಳ ಖಾತೆಯನ್ನೇ ತಡೆಹಿಡಿದಿತ್ತು. ಜೊತೆಗೊಂದು ಅನಾಮಧೇಯ ದೂರು — ‘ಈ ಮನೋವೈದ್ಯೆಯ ನೋಂದಣಿ ಇರುವುದು ಕರ್ನಾಟಕದಲ್ಲಿ. ಕೂತಿರುವುದು ಮುಂಬೈಯ ಕಾಂದಿವಲಿಯಲ್ಲಿ. ನೋಡುವುದು ಇಲ್ಲಿನ ರೋಗಿಗಳನ್ನು!’ ಸಾಕ್ಷಿಗೆ ಫೋಟೊ: ಪರದೆಯ ಅರ್ಧದಲ್ಲಿ ಅವಳು, ಇನ್ನರ್ಧದಲ್ಲಿ ಅವಳ ರೋಗಿ, ಮಲಾಡಿನ ಶೀಲಾವತಿ.

ಬ್ಯಾಂಕಿನ ವಿಜಿಲೆನ್ಸ್ ವಿಭಾಗದಲ್ಲಿದ್ದು ನಿವೃತ್ತರಾದ ಮಾವ ವೆಂಕಟಸುಬ್ಬಯ್ಯ ಕನ್ನಡಕ ಏರಿಸಿದರು.

“ವೀಡಿಯೊದಲ್ಲಿ ಬೇರೆ ರಾಜ್ಯದವರನ್ನ ನೋಡೋದು ತಪ್ಪೇನಮ್ಮ?”

“ಅಲ್ಲ ಮಾವ. ಆದ್ರೆ ನಾನಿರೋದೇ ಇಲ್ಲಿ. ಇಲ್ಲಿ ಕೂತು ನೋಡೋಕೆ ಇಲ್ಲಿನ ನೋಂದಣಿಯೇ ಬೇಕು; ಅರ್ಜಿ ಹಾಕಿದೀನಿ, ಇನ್ನೂ ಬಂದಿಲ್ಲ. ವಿಚಾರಣೆ ಮುಗಿಯೋವರೆಗೆ ಶೀಲಾವತಿ ಗತಿ? ಈಗಷ್ಟೇ ಊಟ, ನಿದ್ದೆ ಸರಿಹೋಗ್ತಿತ್ತು.”

“ಯಾರ ಮೇಲೆ ಅನುಮಾನ?”

“ಇನ್ಯಾರು? ಅವಳ ಗಂಡ, ಹೋಟೆಲ್ ನಡೆಸೋ ಪೂವಪ್ಪ! ಮಾತ್ರೆಯಿಂದ ಹೆಂಡತಿ ತೂಕಡಿಸ್ತಾಳೆ ಅಂತ ಕೂಗಾಡಿದ್ರು.”

ಅವಳೇ ಫೋನ್ ಮಾಡಿ ತರಾಟೆಗೆ ತೆಗೆದುಕೊಂಡಳು. ಹೋಟೆಲಿನ ಗದ್ದಲದ ನಡುವೆ ಪೂವಪ್ಪನ ದನಿ ನಡುಗಿತು. “ಬಾಯಿ ಮಾಡಿದ್ದು ಹೌದು ಡಾಕ್ಟ್ರೇ. ಆದ್ರೆ ಕಂಪ್ಲೇಂಟ್ ಕೊಡ್ಲಿಕ್ಕೆ ನಂಗೆಂತ ಹುಚ್ಚಾ? ಅವಳು ನಗುವುದನ್ನು ಎಷ್ಟೋ ಸಮಯದ ಮೇಲೆ ನೋಡಿದ್ದು ನಾನು!”

ನಟನೆಯೇ? ಸುಪ್ರಜಾ ಹಾಗೆಂದೇ ನಂಬಿದಳು.

ಸಂಜೆ ಗಂಡ ಅಚಿಂತ್ಯ ಆಫೀಸಿನಿಂದ ಬಂದ ಮೇಲೆ ಮಾವ ಇಬ್ಬರನ್ನೂ ಕೂರಿಸಿಕೊಂಡರು.

“ಈ ಫೋಟೊ ಪೂವಪ್ಪ ತೆಗೆದದ್ದಲ್ಲ. ಶೀಲಾವತಿ ಹಿಂದಿರೋ ಹೋಟೆಲ್ ಬೋರ್ಡು ನೋಡು — ಅಕ್ಷರ ನೆಟ್ಟಗಿದೆ. ನಿನ್ನ ಹಿಂದಿರೋ ಕ್ಯಾಲೆಂಡರು?”

“ಅಂಕಿಗಳೆಲ್ಲ... ಉಲ್ಟಾ!”

“ವೀಡಿಯೊ ಕರೆಯಲ್ಲಿ ನಾವು ನಮಗೆ ಕನ್ನಡಿಯಲ್ಲಿ ಕಂಡ ಹಾಗೆ ಕಾಣ್ತೀವಿ, ಎದುರಿನವರಿಗೆ ನೆಟ್ಟಗೆ. ಬಾಂದ್ರಾದಲ್ಲಿರೋ ಮಗಳು ಸಾಧನಾಗೆ ವೀಡಿಯೊ ಕರೆ ಮಾಡಿ ಖಾತ್ರಿ ಮಾಡ್ಕೊಂಡೆ. ಇದು ನಿನ್ನ ಲ್ಯಾಪ್‌ಟಾಪ್ ಪರದೆ. ನಿನ್ನ ರೂಮಿನಲ್ಲೇ, ಕ್ಯಾಮೆರಾಕ್ಕೆ ಬೀಳದ ಹಾಗೆ ಪಕ್ಕದಲ್ಲಿ ನಿಂತು ತೆಗೆದ ಫೋಟೊ. ಶೀಲಾವತಿ ಹೋಟೆಲಿಂದ ಮಾತಾಡಿದ್ದು ಯಾವತ್ತು?”

“ಒಂದೇ ಸಲ. ಶನಿವಾರ.”

“ಅವತ್ತು ನಾನೂ ನಿಮ್ಮತ್ತೆಯೂ ಸಾಧನಾ ಮನೇಲಿದ್ವಿ. ನಿನ್ನ ರೂಮಿಗೆ ಯಾರು ಬಂದ್ರು?”

ಸುಪ್ರಜಾಳ ದನಿ ಇಳಿಯಿತು. “ವೈಫೈ ನೋಡ್ತೀನಿ ಅಂತ... ಅಚಿಂತ್ಯ. ಕೈಯಲ್ಲಿ ಫೋನಿತ್ತು.”

ಅಚಿಂತ್ಯ ತಲೆ ಎತ್ತಲಿಲ್ಲ.

“ನನಗೆ ಬೆಂಗಳೂರಿಗೆ ವರ್ಗ ಸಿಕ್ಕಿದೆ. ನೀನು, ನೋಂದಣಿ ಬಂದ್ಮೇಲೆ ಇಲ್ಲೇ ಕ್ಲಿನಿಕ್ ತೆರೀತೀನಿ, ಪೇಷೆಂಟ್ಸ್ ಬಿಟ್ಟು ಬರಲ್ಲ ಅಂದೆ. ಇಲ್ಲಿ ಕೆಲಸ ನಿಂತರೆ ನೀನೇ ಹೊರಡ್ತೀಯ ಅಂದ್ಕೊಂಡೆ. ಲೈಸೆನ್ಸಿಗೇ ಕುತ್ತು ಬರುತ್ತೆ ಅಂತ ಗೊತ್ತಿರಲಿಲ್ಲ.”

“ಗೊತ್ತಿರಲಿಲ್ವಾ?” ವೆಂಕಟಸುಬ್ಬಯ್ಯ ಮಗನನ್ನೇ ದಿಟ್ಟಿಸಿದರು. “ನಾಳೆ ನಿನ್ನ ಹೆಸರು ಹಾಕಿ ಕಂಪನಿಗೆ ನಿಜ ಬರೀತೀಯ. ಇಲ್ಲದಿದ್ರೆ ನಾನು ಬರೀತೀನಿ.”

ಸುಪ್ರಜಾ ಎದ್ದು ಚಪ್ಪಲಿ ಮೆಟ್ಟಿಕೊಂಡಳು. ಪೂವಪ್ಪನಿಗೆ ಆಡಿದ ಒಂದೊಂದು ಮಾತೂ ಈಗ ಅವಳ ಕಿವಿಯಲ್ಲೇ ಮೊರೆಯುತ್ತಿತ್ತು.

“ಎಲ್ಲಿಗೆ? ನಾನೂ ಬರ್ಲಾ?” ಅಚಿಂತ್ಯ ಕೇಳಿದ.

“ಮಲಾಡಿಗೆ, ಕ್ಷಮೆ ಕೇಳೋಕೆ.” ಅವಳು ಅವನತ್ತ ನೋಡಲಿಲ್ಲ. “ಮಾವ, ನೀವು ಬನ್ನಿ.”