ಕುಲಮಾಪಕದ ಕೆಂಪು ಚೀಟಿ

ತುಂಗಿಯ ಭುಜದಿಂದ ಬುಡಸಮೇತ ಕಿತ್ತ ಒಂದೇ ಒಂದು ಕೂದಲು ಬಟ್ಟಲಿಗೆ ಬಿದ್ದದ್ದೇ ತಡ, ಕುಲಮಾಪಕ ಗುನುಗಲು ತೊಡಗಿತು. ನೋಡಲು ಹೊಲಿಗೆ ಯಂತ್ರದಷ್ಟೇ ಇತ್ತು. ಹಿಂದೆಲ್ಲ ಇಂಥ ಪರೀಕ್ಷೆಗೆ ಒಂದಿಡೀ ಪ್ರಯೋಗಾಲಯ ವಾರಗಟ್ಟಲೆ ದುಡಿಯಬೇಕಿತ್ತು. ಇದು ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಮುಗಿಸುತ್ತಿತ್ತು. ಕೂದಲ ಬುಡದ ಜೀವಕೋಶಗಳಲ್ಲಿರುವ ವಂಶವಾಹಿಗಳನ್ನು ಓದಿ, ಆ ಪ್ರಾಣಿಯ ಪೂರ್ವಜರು ಯಾವ ಕಾಡಿನವರು, ಎಷ್ಟು ಲಕ್ಷ ವರ್ಷಗಳ ಹಿಂದೆ ಯಾವ ಕವಲಿನಿಂದ ಬೇರೆಯಾದರು ಎಂಬುದನ್ನೆಲ್ಲ ಲೆಕ್ಕ ಹಾಕಿ, ಕೊನೆಗೊಂದು ಚೀಟಿ ಹೊರಹಾಕುತ್ತಿತ್ತು. ಹಸಿರಾದರೆ ಆ ಪ್ರಾಣಿ ಮರಿ ಮಾಡಬಹುದು. ಕೆಂಪಾದರೆ ಮಾಡುವಂತಿಲ್ಲ.

ಕೆಂಪು ಬಂತು.

‘ಬೆರಕೆ ಕುಲ. ಸಂತಾನ ನಿಷಿದ್ಧ. ಈ ಪ್ರಾಣಿಯಾಗಲಿ, ಇದರ ಹೆಣ್ಣು ಸಂತತಿಯಾಗಲಿ ಬಸಿರಾಗಿದ್ದಲ್ಲಿ ಗರ್ಭವನ್ನು ತೆಗೆಯತಕ್ಕದ್ದು.’

ತೆಗೆಯತಕ್ಕದ್ದಂತೆ! ಹುಳುಕು ಹಲ್ಲು ಕೀಳುವ ಮಾತೇ ಇದು? ತುಂಗಿ ಎಂಬ ಆ ಚಿಂಪಾಂಜಿ ತುಂಬು ಬಸುರಿ. ಗಾಜಿನ ಗೋಡೆಯಾಚೆ ಒಣಹುಲ್ಲಿನ ಮೇಲೆ ಕುಳಿತು, ಹೊಟ್ಟೆಯನ್ನು ತೊಡೆಗಳ ಮೇಲೆ ಇಳಿಬಿಟ್ಟುಕೊಂಡು, ಸೀಬೆಹಣ್ಣು ತಿನ್ನುತ್ತಿತ್ತು.

ಚಿತ್ರದುರ್ಗದ ಬಂಡೆಗುಡ್ಡಗಳ ಆಚೆ ಕಟ್ಟಿದ್ದ ಆ ಮಹಾವಾನರ ಧಾಮದಲ್ಲಿ ಅಂದು ಯಂತ್ರದ ಉದ್ಘಾಟನೆ. ಹಾರ, ಶಾಲು, ಕ್ಯಾಮೆರಾ ಎಲ್ಲವೂ ಇದ್ದವು. ಧಾಮವನ್ನು ನಡೆಸುವ ಸಂತತಿ ಮಂಡಳಿಯ ಅಧ್ಯಕ್ಷ ತ್ರಿಲೋಚನ ಬಾಣಂತನಕ್ಕೆ ತವರಿಗೆ ಬಂದಿದ್ದ ಮಗಳು ಸುಮೇಧಾಳನ್ನೂ ಕರೆತಂದಿದ್ದರು. ಅವಳಿಗೆ ಏಳು ತಿಂಗಳು ತುಂಬಿ ಎಂಟಕ್ಕೆ ಬಿದ್ದಿತ್ತು.

ಚೀಟಿಯನ್ನು ಓದಿದ ಡಾ. ಐರಿನ್ ಲೋಬೋ ಅವರ ಮುಖ ಕೆಂಪಾಯಿತು. ಕುಲಮಾಪಕವನ್ನು ಕಂಡುಹಿಡಿದವರು ಅವರೇ.

“ಎಂಥದು ಮಾರಾಯ್ರೆ ಇದು? ಗರ್ಭ ತೆಗೀಲಿಕ್ಕೆ ನಾನು ಯಂತ್ರ ಮಾಡಿದ್ದಾ? ಧಾಮದಲ್ಲಿ ಇರುವ ನಾಲ್ಕು ಪ್ರಾಣಿಗಳಲ್ಲಿ ಅಣ್ಣ ತಂಗಿಯರೇ ಜೋಡಿಯಾಗಿ ಮರಿಗಳು ಸಾಯ್ತಾ ಇದ್ದವು. ದೂರದ ಸಂಬಂಧ ಹುಡುಕಿ ಕೊಡಲಿಕ್ಕೆ ಮಾಡಿದ ಯಂತ್ರ ಇದು. ಈ ಹಸಿರು, ಕೆಂಪು ಎಲ್ಲ ನಿಮ್ಮ ಮಂಡಳಿ ಸೇರಿಸಿದ್ದು!”

“ಕೂಗಾಡ್ಬೇಡಿ ಮೇಡಂ,” ಎಂದರು ತ್ರಿಲೋಚನ ನಗುತ್ತಲೇ. “ನಾವು ಶುದ್ಧ ತಳಿ ಉಳಿಸೋಕೆ ಹೊರಟಿರೋರು. ಯಂತ್ರದ ಮಾತೇ ಕೊನೆ, ಯಾರ ಶಿಫಾರಸೂ ನಡೆಯಲ್ಲ ಅಂತ ನಿಯಮ ಬರೆದೋನೇ ನಾನು.”

ಸುಮೇಧಾ ಗಾಜಿನ ಹತ್ತಿರ ಹೋಗಿ ನಿಂತಿದ್ದಳು. “ಬೆರಕೆ ಅಂದ್ರೆ ಏನು ಡಾಕ್ಟ್ರೇ? ಏನಾದ್ರೂ ಕಾಯಿಲೆನಾ?”

“ಕಾಯಿಲೆ ಎಂಥದೂ ಇಲ್ಲಮ್ಮ. ಆಫ್ರಿಕಾದಲ್ಲಿ ಚಿಂಪಾಂಜಿಗಳ ನಾಲ್ಕು ಕವಲು ಉಂಟು. ನಡುವೆ ದೊಡ್ಡ ದೊಡ್ಡ ನದಿಗಳು. ಚಿಂಪಾಂಜಿಗೆ ಈಜಲಿಕ್ಕೆ ಬರುವುದಿಲ್ಲ ನೋಡು, ಹಾಗಾಗಿ ಆಚೆ ದಂಡೆಯವು ಆಚೆಗೇ, ಈಚೆಯವು ಈಚೆಗೇ ಉಳಿದವು. ಎರಡು ದಂಡೆಗಳ ಚಿಂಪಾಂಜಿಗಳ ನಡುವೆ ಎಷ್ಟು ವ್ಯತ್ಯಾಸ ಉಂಟೋ, ಬೇರೆ ಬೇರೆ ಖಂಡಗಳ ಮನುಷ್ಯರ ನಡುವೆಯೂ ಅಷ್ಟು ಇಲ್ಲ. ತುಂಗಿಯ ಅಮ್ಮ ಒಂದು ದಂಡೆಯದ್ದು, ಅಪ್ಪ ಇನ್ನೊಂದರದ್ದು. ಯಾರೋ ಕದ್ದು ಮಾರಿದ ಪ್ರಾಣಿಗಳು ಒಂದೇ ಬೋನಿನಲ್ಲಿ ಬಿದ್ದದ್ದು. ಅದು ಇದರ ತಪ್ಪಾ? ಮತ್ತೆ ಕಾಡಿನಲ್ಲಿಯೂ ಸಾವಿರಾರು ವರ್ಷಕ್ಕೊಮ್ಮೆ ಕವಲುಗಳು ಬೆರೆತೇ ಇದ್ದಾವೆ. ಅಪ್ಪಟ ಶುದ್ಧ ಅನ್ನುವುದು ಯಾವ ವಾನರದಲ್ಲೂ ಇಲ್ಲ. ಮನುಷ್ಯರಲ್ಲಿಯೂ ಇಲ್ಲ.”

ಕೊನೆಯ ಮಾತು ತ್ರಿಲೋಚನರಿಗೆ ನಾಟಿತು. “ಮನುಷ್ಯರಲ್ಲಿ ಇಲ್ವಾ? ನಮ್ಮ ಮನೆತನದ ಬಗ್ಗೆ ನಿಮಗೇನ್ರೀ ಗೊತ್ತು? ಹೊರಗಿನ ಒಂದು ತೊಟ್ಟು ರಕ್ತ ಸೇರಿಲ್ಲ, ತಿಳೀತಾ? ತಗೊಳ್ಳಿ, ನಿಮ್ಮ ಯಂತ್ರವೇ ಹೇಳಲಿ!”

ಹೀಗೆಂದವರೇ ತಮ್ಮ ಮೀಸೆಯಿಂದ ಒಂದು ಕೂದಲನ್ನು ಪಟ್ಟನೆ ಕಿತ್ತು ಬಟ್ಟಲಿಗೆ ಹಾಕಿದರು.

“ಬೇಡ ಸರ್,” ಎಂದರು ಲೋಬೋ. “ಯಂತ್ರಕ್ಕೆ ಮನುಷ್ಯ ಗೊತ್ತಿಲ್ಲ. ಅದನ್ನು ಅಳಿಸಿ ಹಾಕಿಸಿದ್ದು ನೀವೇ.”

ಮಾತು ನಿಜ. ಗೊರಿಲ್ಲಾ, ಒರಾಂಗುಟಾನ್, ಚಿಂಪಾಂಜಿ, ಬೊನೊಬೊಗಳ ಜತೆಗೆ ಮನುಷ್ಯನ ವಂಶವಾಹಿಗಳನ್ನೂ ಲೋಬೋ ಯಂತ್ರದ ನೆನಪಿನಲ್ಲಿ ಸೇರಿಸಿದ್ದರು. ವಿಜ್ಞಾನದ ಪ್ರಕಾರ ಮನುಷ್ಯನೂ ಮಹಾವಾನರನೇ ತಾನೇ! ಆದರೆ ತ್ರಿಲೋಚನ ಕೇಳಬೇಕಲ್ಲ. ‘ನಮ್ಮ ತಾತ ಮುತ್ತಾತಂದಿರನ್ನ ಕೋತಿಗಳ ಪಂಕ್ತಿಯಲ್ಲಿ ಕೂರಿಸ್ತೀರಾ?’ ಎಂದು ಮಂಡಳಿಯ ಸಭೆಯಲ್ಲಿ ಮೇಜು ಗುದ್ದಿ, ಆ ಭಾಗವನ್ನೇ ತೆಗೆಸಿಹಾಕಿದ್ದರು. ಸಭೆಯಲ್ಲಿದ್ದ ಒಬ್ಬನಾದರೂ ತುಟಿ ಬಿಚ್ಚಿರಲಿಲ್ಲ. ಶಾಲು ಹೊದಿಸುವುದಕ್ಕಾದರೆ ಎಲ್ಲರಿಗೂ ಕೈ ಬರುತ್ತದೆ!

“ಗೊತ್ತಿಲ್ಲದಿದ್ರೆ ಈಗ ಗೊತ್ತು ಮಾಡ್ಕೊಳ್ಳಲಿ,” ಎಂದರು ತ್ರಿಲೋಚನ.

ಯಂತ್ರ ಗುನುಗಿತು. ಈ ಸಲ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಂಡಿತು. ಆಮೇಲೆ ಕೆಂಪು ಚೀಟಿ ಹೊರಬಿತ್ತು. ಹತ್ತಿರವಿದ್ದ ಸುಮೇಧಾ ಅದನ್ನು ಎತ್ತಿಕೊಂಡು ಎಲ್ಲರಿಗೂ ಕೇಳುವಂತೆ ಓದಿದಳು.

“‘ಹೆಸರಿಲ್ಲದ ಚಿಂಪಾಂಜಿ ಕವಲು. ಬೆರಕೆ ಕುಲ. ವಂಶವಾಹಿ ವೈವಿಧ್ಯ ಅಪಾಯಕಾರಿಯಾಗಿ ಕಡಿಮೆ. ಸಂತಾನ ನಿಷಿದ್ಧ. ಈ ಪ್ರಾಣಿಯಾಗಲಿ, ಇದರ ಹೆಣ್ಣು ಸಂತತಿಯಾಗಲಿ…’”

ಓದುವುದನ್ನು ಅಲ್ಲಿಗೇ ನಿಲ್ಲಿಸಿ ಅವಳು ತನ್ನ ಹೊಟ್ಟೆಯತ್ತ ನೋಡಿಕೊಂಡಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕು, ತಕ್ಷಣ ಕೆಮ್ಮಿದಂತೆ ನಟಿಸಿದರು.

“ಯಂತ್ರಕ್ಕೆ ತಲೆ ಕೆಟ್ಟಿದೆ!” ಎಂದು ಗುಡುಗಿದರು ತ್ರಿಲೋಚನ.

“ಏನೂ ಕೆಟ್ಟಿಲ್ಲ,” ಎಂದರು ಲೋಬೋ. “ಮನುಷ್ಯ ಅನ್ನುವ ಪ್ರಾಣಿ ಅದಕ್ಕೆ ಗೊತ್ತಿಲ್ಲ. ಎಲ್ಲಕ್ಕಿಂತ ಹತ್ತಿರ ಕಂಡದ್ದು ಚಿಂಪಾಂಜಿ, ಹಾಗಾಗಿ ಅಲ್ಲಿಗೆ ಸೇರಿಸಿತು. ಇನ್ನು ಬೆರಕೆ. ಆಫ್ರಿಕಾದಿಂದ ಹೊರಟ ನಮ್ಮ ಹಿರಿಯರು ದಾರಿಯಲ್ಲಿ ಬೇರೆ ಬಗೆಯ ಮಾನವರೊಡನೆ ಬೆರೆತರು. ಈ ನೆಲಕ್ಕೆ ಬಂದ ಮೇಲೆ ಒಂದರ ಹಿಂದೆ ಒಂದು ಗುಂಪು ಬಂದು ಮತ್ತೆ ಬೆರೆತವು. ನಿಮ್ಮ ಮೀಸೆಯಲ್ಲಿ ಅದೆಲ್ಲ ಉಂಟು. ವೈವಿಧ್ಯ ಕಡಿಮೆ ಯಾಕೆ ಅಂದರೆ, ಒಂದು ಕಾಲದಲ್ಲಿ ನಮ್ಮ ಪೂರ್ವಜರ ಸಂಖ್ಯೆ ತೀರಾ ಕುಗ್ಗಿಹೋಗಿತ್ತು. ಈಗ ಭೂಮಿ ತುಂಬ ಇರುವವರು ಆ ಸಣ್ಣ ಗುಂಪಿನ ಮಕ್ಕಳು, ಮೊಮ್ಮಕ್ಕಳು. ಯಂತ್ರದ ಕಣ್ಣಿಗೆ ನಾವೆಲ್ಲ ಒಂದೇ ಬೋನಿನಲ್ಲಿ ಹುಟ್ಟಿದ ಹಾಗೆ ಕಾಣ್ತೇವೆ. ನನ್ನ ಕೂದಲು ಹಾಕಿದರೂ ಕೆಂಪೇ ಬರುವುದು.”

ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆದು ಧಾಮದ ಪಶುವೈದ್ಯ ಡಾ. ಬಸಲಿಂಗಪ್ಪ ಒಳಗೆ ಬಂದರು. ಕೈಯಲ್ಲಿ ಸ್ಟೀಲ್ ಟ್ರೇ, ಅದರಲ್ಲಿ ಅರಿವಳಿಕೆಯ ಸಿರಿಂಜು. ಕೆಂಪು ಚೀಟಿ ಬಂದ ಕೂಡಲೇ ಆದೇಶ ತಾನಾಗಿಯೇ ಅವರ ಫೋನಿಗೆ ಹೋಗುವಂತೆ ಮಂಡಳಿ ಏರ್ಪಾಡು ಮಾಡಿತ್ತು.

ಅವರು ಫೋನನ್ನೊಮ್ಮೆ, ಸುಮೇಧಾಳನ್ನೊಮ್ಮೆ ನೋಡಿ, ಅಧ್ಯಕ್ಷರತ್ತ ತಿರುಗಿದರು. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

“ಸರ್, ಆದೇಶ ಎರಡ ಬಂದಾವ್ರಿ. ಯಾವುದು ಮೊದಲ ಮಾಡ್ಲಿ?”

ತ್ರಿಲೋಚನ ಅವರ ಮೇಲೆ ಹರಿಹಾಯ್ದರು. “ರೀ, ನಿಮಗೇನು ಬುದ್ಧಿ ಗಿದ್ಧಿ ಇದೆಯೇನ್ರೀ? ಅವಳು ನನ್ನ ಮಗಳು!”

“ಗೊತ್ತೈತ್ರಿ. ಆದ್ರ ಯಂತ್ರದ ಮಾತ ಕೊನೀ ಅಂತ ನೀವ ಬರದೀರಿ. ಒಂದಕ್ಕ ಹೂಂ, ಒಂದಕ್ಕ ಊಹೂಂ ಅನ್ನಾಕ ನನಗೆಲ್ಲಿ ಅಧಿಕಾರ ಐತ್ರಿ?”

“ಕೆಟ್ಟಿದೆ ಅಂತ ಬರೀರಿ ಮೇಡಂ,” ಎಂದು ತ್ರಿಲೋಚನ ಲೋಬೋ ಅವರತ್ತ ತಿರುಗಿದರು. ದನಿ ಈಗ ಇಳಿದಿತ್ತು. “ಎರಡನೇ ಚೀಟಿ ಬಂದಾಗ ಮಾತ್ರ ಯಂತ್ರ ಕೆಟ್ಟಿತ್ತು ಅಂತ.”

“ಸತ್ತರೂ ಬರೆಯುವುದಿಲ್ಲ!” ಲೋಬೋ ಮೇಜಿನ ಮೇಲೆ ಪೆನ್ನು ಕುಕ್ಕಿದರು. “ನಾಚಿಕೆ ಆಗಬೇಕು ನಿಮಗೆ. ಕೆಟ್ಟಿದ್ದರೆ ಎರಡೂ ಸಲ ಕೆಟ್ಟದ್ದು. ಸರಿ ಇದ್ದರೆ ಎರಡೂ ಸಲ ಸರಿ. ಯಂತ್ರದ ಮಾತಿನ ಮೇಲೆ ಯಾರ ಬಸಿರನ್ನೂ ಮುಟ್ಟಬಾರದು ಅಂತ ನೀವೇ ಬರೆಯಿರಿ, ಕ್ಯಾಮೆರಾದ ಎದುರಿಗೇ.”

ತ್ರಿಲೋಚನ ಬರೆದರು. ಬೇರೆ ದಾರಿ ಇರಲಿಲ್ಲ. ತುಂಗಿಯ ಮೇಲಿನ ಕರುಣೆಯಿಂದಲ್ಲ, ಇನ್ನೂ ಹುಟ್ಟದ ತಮ್ಮ ಮೊಮ್ಮಗು ವಾನರರ ಆದೇಶದಲ್ಲಿ ಉಳಿದುಬಿಟ್ಟೀತೆಂಬ ಅವಮಾನಕ್ಕೆ ಹೆದರಿ ಬರೆದರು. ಹೇಗಾದರೇನು, ತುಂಗಿಯ ಮರಿ ಉಳಿಯಿತು. ಬಸಲಿಂಗಪ್ಪ ಸಿರಿಂಜಿಗೆ ಮುಚ್ಚಳ ಹಾಕಿದರು. ಯಾರೋ ಚಪ್ಪಾಳೆಯನ್ನೂ ತಟ್ಟಿದರು.

ಸುಮೇಧಾ ಮಾತ್ರ ಕದಲಲಿಲ್ಲ. ಅವಳ ಕಣ್ಣು ಆ ಟ್ರೇಯ ಮೇಲೆಯೇ ಇತ್ತು.

“ಡಾಕ್ಟ್ರೇ, ಎಲ್ಲ ಸಲೀಸಾಗಿ ಜೋಡಿಸಿಕೊಂಡು ಬಂದಿದ್ದೀರಿ. ಮುಂಚೆ ಯಾವತ್ತಾದ್ರೂ ಮಾಡಿದ್ರಾ ಇದನ್ನ?”

ಬಸಲಿಂಗಪ್ಪ ಅಧ್ಯಕ್ಷರ ಕಡೆ ನೋಡಲಿಲ್ಲ. “ಹೋದ ತಿಂಗಳ ಇನ್ನೊಂದು ಧಾಮದಾಗ ಯಂತ್ರ ಪರೀಕ್ಷಾ ಮಾಡಿದ್ರು ಅಕ್ಕಾರ. ಒಂದು ಒರಾಂಗುಟಾನಿಗಿ ಕೆಂಪು ಬಂತ್ರಿ. ನಾನ ಹೋಗಿ ಮಾಡಿದೆ. ಎಚ್ಚರ ಆದ ಮ್ಯಾಲ ಅದು ಹುಲ್ಲು ಕೆದರಿ ಕೆದರಿ ಹುಡುಕ್ತಿತ್ರಿ.”

“ನನಗೆ ಯಾರೂ ಹೇಳಲೇ ಇಲ್ಲವಲ್ಲ!” ಎಂದು ಲೋಬೋ ಚೀರಿದರು.

ಸುಮೇಧಾ ತಂದೆಯ ಎದುರಿಗೆ ಬಂದು ನಿಂತಳು.

“ಆವತ್ತು ಬಂದಿದ್ದು ಒಂದೇ ಚೀಟಿ, ನಮ್ಮದು ಇರಲಿಲ್ಲ. ಅಲ್ವಾ ಅಪ್ಪಾ?”

ತ್ರಿಲೋಚನ ಶಾಲು ಸರಿಪಡಿಸಿಕೊಂಡರು. “ಮನೆಗೆ ನಡಿ, ಬಿಸಿಲಾಗ್ತಿದೆ,” ಎಂದರು.

“ಆ ಮನೆಗೆ ನಾನು ಬರಲ್ಲ,” ಎಂದಳು ಸುಮೇಧಾ. ಲೋಬೋ ಅವರ ಜೀಪಿನತ್ತ ಹೊಟ್ಟೆಯ ಭಾರಕ್ಕೆ ನಿಧಾನವಾಗಿ ನಡೆದುಹೋದಳು.